ಒಂದೇ ಹಾಡು ಹೋಗಬೇಕು: ಆರಿಸುವವರು ಯಾರು?

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಶಾಲೆಯ ಮಗುವೊಂದು ಹಾಡಿ ರಾಜ್ಯದ ಗಮನ ಸೆಳೆಯಬೇಕಾದರೆ ನಾಲ್ಕು ಹಂತಗಳಲ್ಲಿ ಗೆಲ್ಲಬೇಕು: ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ. ಶಾಲಾ ಶಿಕ್ಷಣ ಇಲಾಖೆ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಪ್ರತಿಭಾ ಕಾರಂಜಿಯ ಏಣಿ ಇದು. ಕಸಬಾ, ರೋಣೂರು, ಯಲ್ದೂರು, ನೆಲವಂಕಿ, ರಾಯಲ್ಪಾಡು ಹೋಬಳಿಗಳ ಮಕ್ಕಳು ಮೊದಲು ತಮ್ಮ ತಮ್ಮ ಕ್ಲಸ್ಟರಿನಲ್ಲಿ ಹಾಡುತ್ತಾರೆ. ಅಲ್ಲಿ ಗೆದ್ದವರು ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಕೋಲಾರಕ್ಕೆ, ಕೊನೆಗೆ ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಹಂತ ಹಂತದಲ್ಲೂ ಮೊದಲ ಸ್ಥಾನ ಪಡೆದವರಿಗಷ್ಟೇ ಮುಂದಿನ ದಾರಿ ತೆರೆಯುತ್ತದೆ. ಎರಡನೆಯವರಿಗೆ ಪ್ರಮಾಣಪತ್ರ, ಚಪ್ಪಾಳೆ.

ಈ ಏಣಿಯಲ್ಲಿ ಹೆಚ್ಚು ಮಕ್ಕಳು ನಿಂತುಹೋಗುವುದು ಕೆಳಗಿನ ಮೆಟ್ಟಿಲಲ್ಲೇ. ಆದ್ದರಿಂದ ಅದನ್ನೇ ಹತ್ತಿರದಿಂದ ನೋಡಬೇಕು. ಕ್ಲಸ್ಟರ್ ಎಂದರೆ ಅಕ್ಕಪಕ್ಕದ ಊರುಗಳ ಕೆಲವು ಶಾಲೆಗಳ ಗುಂಪು. ಅದರ ಉಸ್ತುವಾರಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯದು (ಸಿಆರ್‌ಪಿ). ಆ ಶಾಲೆಗಳಲ್ಲಿ ಒಂದು ಸ್ಪರ್ಧೆಯ ದಿನದ ಆತಿಥ್ಯ ವಹಿಸುತ್ತದೆ. ಒಂದು ಕೊಠಡಿಯಲ್ಲಿ ಕಂಠಪಾಠ, ಇನ್ನೊಂದರಲ್ಲಿ ಚಿತ್ರಕಲೆ, ಅಂಗಳದಲ್ಲಿ ಛದ್ಮವೇಷ, ಜಗಲಿಯಲ್ಲಿ ಭಕ್ತಿಗೀತೆ, ಲಘು ಸಂಗೀತ. ಹಾರ್ಮೋನಿಯಂ ಇರುವುದು ಅಪರೂಪ. ಶ್ರುತಿ ಕೊಡುವವರಿಲ್ಲದೆ ಮಗು ತನಗೆ ತೋಚಿದ ಎತ್ತರದಲ್ಲಿ ಹಾಡು ಎತ್ತಿಕೊಳ್ಳುತ್ತದೆ. ತುಸು ಮೇಲೆ ಎತ್ತಿಕೊಂಡರೆ ಪಲ್ಲವಿ ಸೊಗಸಾಗಿ ಬಂದು, ಸ್ವರ ಮೇಲಕ್ಕೇರುವ ಚರಣದಲ್ಲಿ ಗಂಟಲು ಕಟ್ಟುತ್ತದೆ. ಚೆನ್ನಾಗಿ ಹಾಡಬಲ್ಲ ಮಗು ಹೀಗೆ ಸೋಲುವುದುಂಟು. ಆ ಸೋಲಿಗೆ ಕಾರಣ ಕಂಠವಲ್ಲ, ಆರಂಭದ ಒಂದು ಸ್ವರ. ಈಚೆಗೆ ಕೆಲವು ಶಿಕ್ಷಕರು ಮೊಬೈಲಿನ ತಂಬೂರಿ ಆ್ಯಪ್ ಹಾಕಿ ಶ್ರುತಿ ಹಿಡಿಸುತ್ತಾರೆ. ಖರ್ಚಿಲ್ಲದ ಈ ಏರ್ಪಾಟು ಫಲಿತಾಂಶವನ್ನೇ ಬದಲಿಸಬಲ್ಲದು.

ತೀರ್ಪು ಕೊಡುವವರೂ ಸಾಮಾನ್ಯವಾಗಿ ಶಿಕ್ಷಕರೇ. ಶ್ರುತಿ, ತಾಳ, ಸಾಹಿತ್ಯ ಶುದ್ಧಿ, ಭಾವ ಎಂದು ಅಂಕ ಹಂಚಿ ಕೂಡುತ್ತಾರೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಇರುವುದು ವಿರಳವಾದ್ದರಿಂದ, ಗಣಿತದ ಮೇಷ್ಟ್ರೋ ವಿಜ್ಞಾನದ ಟೀಚರೋ ಆ ಕುರ್ಚಿಯಲ್ಲಿ ಕೂರಬೇಕಾಗುತ್ತದೆ. ಅವರ ಪ್ರಾಮಾಣಿಕತೆಯ ಮಾತಲ್ಲ ಇದು. ಮಾತಿನ ಸ್ಪಷ್ಟತೆ, ಧೈರ್ಯ, ಉಡುಪು, ಅಭಿನಯ ಇವು ಸಂಗೀತ ಕಲಿಯದವರಿಗೂ ಕಣ್ಣಿಗೆ ಕಾಣುತ್ತವೆ. ಸೂಕ್ಷ್ಮವಾಗಿ ನಿಂತ ಶ್ರುತಿ ಕಾಣುವುದಿಲ್ಲ. ಹಾಗಾಗಿ ತೀರ್ಪುಗಾರರು ಯಾರೆಂಬುದರ ಮೇಲೆಯೇ ಎಂಥ ಹಾಡು ಮುಂದೆ ಹೋಗುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಗಡಿ ತಾಲ್ಲೂಕಿನಲ್ಲಿ ಇನ್ನೂ ಒಂದು ವಿಷಯವಿದೆ. ಆಂಧ್ರಕ್ಕೆ ಅಂಟಿಕೊಂಡ ಈ ಮಾವಿನ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಅಜ್ಜಿಯ ಬಾಯಿಂದ ಕೇಳಿದ ಪದ ಒಂದು ಭಾಷೆಯದು, ವೇದಿಕೆಗೆಂದು ಅಭ್ಯಾಸ ಮಾಡುವ ಜನಪದ ಗೀತೆ ಇನ್ನೊಂದು ಭಾಷೆಯದು. ಆ ಗೀತೆಯನ್ನು ಮೇಷ್ಟ್ರು ಕಲಿಸಿರುತ್ತಾರೆ, ಇಲ್ಲವೇ ಮಗು ಮೊಬೈಲಿನಲ್ಲಿ ಕೇಳಿ ಕಲಿತಿರುತ್ತದೆ. ಎರಡನ್ನೂ ಒಂದೇ ಬಾಯಲ್ಲಿ ಹಾಡುವ ಈ ಮಕ್ಕಳ ಉಚ್ಚಾರಣೆಯಲ್ಲಿ ಸೀಮೆಯ ಸೊಗಡು ಸುಳಿಯುವುದು ಸಹಜ. ಅದನ್ನು ಸಾಹಿತ್ಯ ಶುದ್ಧಿಯ ಲೆಕ್ಕದಲ್ಲಿ ತಪ್ಪೆಂದು ಕಳೆಯುವುದು ಅನ್ಯಾಯ.

ಪ್ರತಿಭಾ ಕಾರಂಜಿ ರಾಜ್ಯಮಟ್ಟಕ್ಕೆ ಮುಗಿಯುತ್ತದೆ. ಅದಕ್ಕಿಂತ ಮೇಲಿನ ಮೆಟ್ಟಿಲು ಕಲೋತ್ಸವ. 9ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಈ ಸ್ಪರ್ಧೆಯಲ್ಲಿ ಪ್ರತಿ ರಾಜ್ಯವೂ ತನ್ನಲ್ಲಿ ಗೆದ್ದವರನ್ನು ರಾಷ್ಟ್ರಮಟ್ಟಕ್ಕೆ ಕಳಿಸುತ್ತದೆ. ಶಾಲೆ ಬಿಟ್ಟವರಿಗೆ ಯುವಜನೋತ್ಸವವಿದೆ. ಜಿಲ್ಲೆ, ರಾಜ್ಯ ದಾಟಿದ ಜಾನಪದ ಗೀತೆಯ ತಂಡಗಳು ವಿವೇಕಾನಂದರ ಜನ್ಮದಿನವಾದ ಜನವರಿ 12ರ ಸುಮಾರಿಗೆ ನಡೆಯುವ ರಾಷ್ಟ್ರೀಯ ಯುವಜನೋತ್ಸವಕ್ಕೆ ಹೋಗುತ್ತವೆ. 1995ರಲ್ಲಿ ಶುರುವಾದ ಈ ಉತ್ಸವದ 26ನೆಯ ಆವೃತ್ತಿ 2023ರಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ನಡೆಯಿತು.

ಭಾರತದಲ್ಲಿ ಏಣಿ ಇಲ್ಲಿಗೆ ನಿಲ್ಲುತ್ತದೆ. ದೇಶದ ಪರವಾಗಿ ಹೊರಗೆ ಹಾಡುವವರನ್ನು ಇಲ್ಲಿ ಸ್ಪರ್ಧೆಯಿಂದ ಆರಿಸುವುದಿಲ್ಲ. 1950ರಲ್ಲಿ ಮೌಲಾನಾ ಆಜಾದ್ ಅವರು ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಕಲಾವಿದರಿಂದ ಅರ್ಜಿ ಪಡೆದು, ಪರಿಶೀಲಿಸಿ, ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ವಿದೇಶದ ಉತ್ಸವಗಳಿಗೆ ಆ ಪಟ್ಟಿಯಿಂದ ತಂಡಗಳನ್ನು ಕಳಿಸುತ್ತದೆ. ಆಕಾಶವಾಣಿಯ ಶ್ರೇಣಿ ಪದ್ಧತಿಯೂ ಇಂಥದ್ದೇ: ಗಾಯಕರ ಧ್ವನಿಮುದ್ರಣವನ್ನು ಹೆಸರು ತಿಳಿಸದೆ ತೀರ್ಪುಗಾರರ ಮುಂದಿಟ್ಟು, ಬಿ, ಬಿ ಹೈ, ಎ, ಟಾಪ್ ಎಂದು ದರ್ಜೆ ಕೊಡುತ್ತಾರೆ. ಮುಖ ಕಾಣದೆ ಕಂಠವನ್ನಷ್ಟೇ ಕೇಳುವ ಈ ಕ್ರಮಕ್ಕೆ ನಮ್ಮ ಸಂಗೀತ ಲೋಕದಲ್ಲಿ ಬೆಲೆ ಇದೆ. ‘ಆಕಾಶವಾಣಿ ಕಲಾವಿದರು’ ಎಂದು ಕರಪತ್ರದಲ್ಲಿ ಅಚ್ಚಾದರೆ ಇಂದಿಗೂ ಅದು ಗೌರವದ ಮಾತೇ.

ದೇಶವೊಂದು ಒಂದನ್ನೇ ಆರಿಸಿ ಕಳಿಸುವ ನಿದರ್ಶನ ನಮ್ಮಲ್ಲಿ ಸಿಗುವುದು ಸಿನಿಮಾದಲ್ಲಿ. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ನೇಮಿಸುವ ಸಮಿತಿ ಒಂದು ಚಿತ್ರವನ್ನು ಆರಿಸುತ್ತದೆ. 1957ರ ‘ಮದರ್ ಇಂಡಿಯಾ’ದಿಂದ 2025ರ ‘ಹೋಮ್‌ಬೌಂಡ್’ವರೆಗೆ ಹಿಂದಿ, ಬಂಗಾಳಿ, ತಮಿಳು, ಮಲಯಾಳ, ಮರಾಠಿ, ತೆಲುಗು, ಗುಜರಾತಿ, ಅಸ್ಸಾಮಿ ಚಿತ್ರಗಳು ಹೋಗಿವೆ, ಕನ್ನಡದ್ದು ಒಂದೂ ಹೋಗಿಲ್ಲ. 2022ರಲ್ಲಿ ಸಮಿತಿ ಗುಜರಾತಿಯ ‘ಛೆಲ್ಲೋ ಶೋ’ವನ್ನು ಆರಿಸಿತು, ‘ಆರ್‌ಆರ್‌ಆರ್’ ಹೊರಗುಳಿಯಿತು. ಆದರೆ 2023ರ ಮಾರ್ಚಿನಲ್ಲಿ ಅದೇ ಚಿತ್ರದ ತೆಲುಗು ಹಾಡು ‘ನಾಟು ನಾಟು’ ಆಸ್ಕರ್ ಗೆದ್ದಿತು. ಹಾಡಿನ ವಿಭಾಗಕ್ಕೆ ದೇಶದ ಶಿಫಾರಸು ಬೇಕಿಲ್ಲ. ಚಿತ್ರತಂಡವೇ ನೇರವಾಗಿ ಸಲ್ಲಿಸಬಹುದು. ಸಮಿತಿಯ ಬಾಗಿಲಲ್ಲಿ ತಡೆದದ್ದು ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಿ ಗೆದ್ದು ಬಂತು.

ಹಾಡಿಗೇ ಮೀಸಲಾದ ಇಂಥ ಸ್ಪರ್ಧೆಗಳಲ್ಲಿ ಹಳೆಯದೂ ದೊಡ್ಡದೂ ಆದದ್ದು ಯೂರೋಪಿನ ಯೂರೋವಿಷನ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಶುರುವಾಯಿತು. ಇಲ್ಲಿ ದೇಶದ ಹಾಡನ್ನು ಆರಿಸುವುದು ಸರ್ಕಾರವಲ್ಲ, ಆಯಾ ದೇಶದ ಪ್ರಸಾರ ಸಂಸ್ಥೆ. ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರಬಾರದು, ತನ್ನ ದೇಶಕ್ಕೆ ತಾನೇ ಮತ ಹಾಕುವಂತಿಲ್ಲ. ಹಾಡನ್ನು ಆರಿಸುವ ಬಗೆ ಮಾತ್ರ ಆಯಾ ದೇಶಕ್ಕೆ ಬಿಟ್ಟದ್ದು. ಸ್ವೀಡನ್ ವಾರಗಟ್ಟಲೆ ನಡೆಯುವ ‘ಮೆಲೊಡಿಫೆಸ್ಟಿವಾಲೆನ್’ ಎಂಬ ಸರಣಿ ಸ್ಪರ್ಧೆ ನಡೆಸುತ್ತದೆ. ಇಟಲಿ 1951ರಿಂದ ನಡೆಯುತ್ತಿರುವ ತನ್ನ ಸಾನ್‌ರೆಮೊ ಉತ್ಸವದ ವಿಜೇತರಿಗೆ ಮೊದಲ ಅವಕಾಶ ಕೊಡುತ್ತದೆ. ಇನ್ನು ಕೆಲವು ದೇಶಗಳಲ್ಲಿ ಪ್ರಸಾರ ಸಂಸ್ಥೆಯವರೇ ಒಳಗೊಳಗೆ ಕೂತು ಗಾಯಕರನ್ನು ಗೊತ್ತುಮಾಡುತ್ತಾರೆ.

ಸ್ವೀಡನ್ನಿನ ಕಥೆ ಇಲ್ಲಿ ಮುಖ್ಯ. 1973ರಲ್ಲಿ ಅಲ್ಲಿನ ಆಯ್ಕೆ ಸಂಗೀತ ತಜ್ಞರ ಸಮಿತಿಯ ಕೈಯಲ್ಲಿತ್ತು. ಮುಂದೆ ‘ಆಬಾ’ ಎಂದು ಲೋಕವಿಖ್ಯಾತರಾದ ನಾಲ್ವರು ಆ ವರ್ಷ ‘ರಿಂಗ್ ರಿಂಗ್’ ಹಾಡಿ ಮೂರನೆಯ ಸ್ಥಾನಕ್ಕೆ ಇಳಿದರು. ಜನ ಮೆಚ್ಚಿದ ಹಾಡು ಉಳಿಯಲಿಲ್ಲವೆಂಬ ಕೂಗೆದ್ದಿತು. ಮರುವರ್ಷ ತಜ್ಞರ ಬದಲು ಬೇರೆ ಬೇರೆ ಪ್ರದೇಶಗಳ ಜನರ ಸಮಿತಿಗಳು ತೀರ್ಪು ಕೊಟ್ಟವು. ಅದೇ ನಾಲ್ವರು ‘ವಾಟರ್ಲೂ’ ಹಾಡಿ ಗೆದ್ದು, 1974ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಯೂರೋವಿಷನ್ ಕಿರೀಟವನ್ನೂ ತಂದರು. ಒಂದೇ ವರ್ಷದ ಅಂತರ. ತೀರ್ಪಿನ ಕುರ್ಚಿಯಲ್ಲಿ ಕೂತವರು ಬೇರೆ.

ಹಾಗೆಂದು ಎಲ್ಲವನ್ನೂ ಜನರಿಗೇ ಬಿಟ್ಟರೂ ಸರಿಹೋಗಲಿಲ್ಲ. ತೊಂಬತ್ತರ ದಶಕದ ಕೊನೆಯಿಂದ ಮುಖ್ಯ ಸ್ಪರ್ಧೆಯಲ್ಲಿ ಫೋನ್ ಮತವೇ ಮೇಲುಗೈ ಪಡೆದಾಗ ನೆರೆಯ ದೇಶಗಳು ಪರಸ್ಪರ ಮತ ಹಾಕಿಕೊಳ್ಳುತ್ತವೆಂಬ ದೂರು ಬಂತು. 2009ರಲ್ಲಿ ಅಂತಿಮ ಸುತ್ತಿಗೆ ಅರ್ಧ ತಜ್ಞರು, ಅರ್ಧ ಜನ ಎಂಬ ನಿಯಮ ಬಂತು. ಆ ಎರಡು ಅರ್ಧಗಳೂ ಸದಾ ಒಂದೇ ಮಾತಾಡುವುದಿಲ್ಲ. 2023ರಲ್ಲಿ ಫಿನ್ಲೆಂಡಿನ ಕಾರಿಯಾಗೆ ಜನರಿಂದ 376 ಅಂಕ, ಸ್ವೀಡನ್ನಿನ ಲೊರೀನ್‌ಗೆ 243. ಆದರೆ ತಜ್ಞರು ಲೊರೀನ್‌ಗೆ 340 ಕೊಟ್ಟಿದ್ದರಿಂದ ಒಟ್ಟು 583 ಅಂಕದೊಂದಿಗೆ ಗೆದ್ದದ್ದು ಅವರೇ. ವಾದ ಇನ್ನೂ ಮುಗಿದಿಲ್ಲ. ಆದರೂ ಯಾರು ಎಷ್ಟು ಅಂಕ ಕೊಟ್ಟರೆಂಬುದು ಎಲ್ಲರ ಕಣ್ಣೆದುರು ಇರುವುದರಿಂದ, ಸೋತವರಿಗೂ ತಾವು ಸೋತದ್ದು ಎಲ್ಲಿ ಎಂದು ತಿಳಿಯುತ್ತದೆ.

ಶಾಲಾ ಮಕ್ಕಳ ಸ್ಪರ್ಧೆಗೆ ಫೋನ್ ಮತ ಬೇಡ. ಆದರೆ ಈ ಅನುಭವಗಳಿಂದ ತೆಗೆದುಕೊಳ್ಳಬಹುದಾದದ್ದು ಸಾಕಷ್ಟಿದೆ. ಕ್ಲಸ್ಟರ್ ಹಂತದ ಮೂವರು ತೀರ್ಪುಗಾರರಲ್ಲಿ ಒಬ್ಬರಾದರೂ ಸಂಗೀತ ಬಲ್ಲವರಿರಲಿ. ತಾಲ್ಲೂಕಿನಲ್ಲಿ ಭಜನೆ ಮಂಡಳಿಯವರಿದ್ದಾರೆ, ಹರಿಕಥೆಯವರಿದ್ದಾರೆ, ನಾದಸ್ವರ ನುಡಿಸುವವರಿದ್ದಾರೆ; ಕರೆದರೆ ಬರುತ್ತಾರೆ. ಹಾಡುವ ಮೊದಲು ಪ್ರತಿ ಮಗುವಿಗೂ ಶ್ರುತಿ ಸಿಗಲಿ. ಅಂಕಪಟ್ಟಿಯನ್ನು ಅಂದೇ ಗೋಡೆಗೆ ಅಂಟಿಸಲಿ. ಕೆಳಗಿನ ಎರಡು ಹಂತಗಳಲ್ಲಾದರೂ ಒಬ್ಬರ ಬದಲು ಇಬ್ಬರನ್ನು ಮುಂದಕ್ಕೆ ಕಳಿಸಲಿ. ಇದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಸಿಆರ್‌ಪಿಗಳೂ ಮನಸ್ಸು ಮಾಡಿದರೆ ಇದರಲ್ಲಿ ಬಹುಪಾಲು ಮುಂದಿನ ಪ್ರತಿಭಾ ಕಾರಂಜಿಗೇ ಆಗುತ್ತದೆ.