ಯಾರ ಫೋನ್ ಸದ್ದು ಮಾಡಬೇಕು?

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ್ದು ನಾಲ್ಕು ತಾಲ್ಲೂಕು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಕಚೇರಿ ಒಂದೇ, ನೀರಿನ ಚಿಂತೆ ಮಾತ್ರ ಬೇರೆಬೇರೆ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಅದು ಹತ್ತಿರವಾಗಿ ಗೇಟು ಎತ್ತಿದರೆ ನಿದ್ದೆಗೆಡುವುದು ಶ್ರೀರಂಗಪಟ್ಟಣದ ಹೊಳೆದಂಡೆಯವರು. ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲುತ್ತದೆ. ಗೊರೂರು ಅಣೆಕಟ್ಟಿನಿಂದ ಹೇಮಾವತಿ ನದಿಗೆ ನೀರು ಬಿಟ್ಟರೆ ಎಚ್ಚರವಾಗಬೇಕಾದದ್ದು ಕೆ.ಆರ್. ಪೇಟೆ. ನಾಗಮಂಗಲಕ್ಕೆ ಪ್ರವಾಹದ ಭಯಕ್ಕಿಂತ ಹೇಮಾವತಿ ನಾಲೆಯಲ್ಲಿ ನೀರು ಬಂತೇ ಎಂಬ ಪ್ರಶ್ನೆಯೇ ದೊಡ್ಡದು.

ಇಂಥ ಕಡೆ ಮಳೆಗಾಲದ ಕೆಲಸಕ್ಕೆಂದು ಒಂದು ಡೇಟಾಬೇಸ್ ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಕೆರೆ ಏರಿ, ತೂಬು, ಸೇತುವೆ, ಒಂದೊಂದಕ್ಕೂ ಒಂದು ಸಾಲು. ಕೆ.ಆರ್. ಪೇಟೆಯ ಯಾವುದೋ ಕೆರೆಯ ಸಾಲಿನ ಕೆಳಗೆ ಸಿಬ್ಬಂದಿಯೊಬ್ಬರು ‘ಏರಿ ಜಿನುಗುತ್ತಿದೆ, ನೋಡಿ’ ಎಂದು ಬರೆದು, @ ಹಾಕಿ ಎಂಜಿನಿಯರ್ ಹೆಸರು ಸೇರಿಸುತ್ತಾರೆ. ಎಂಜಿನಿಯರ್ ಇರುವುದು ಕಚೇರಿಯ ಹೊರಗೆ, ಕೆಲಸದ ಜಾಗದಲ್ಲಿ. ಅವರು ನೋಡುವುದು ತಂಡದ ಚಾಟ್ ಮಾತ್ರ. ಕಾಮೆಂಟು ಅಲ್ಲಿಗೆ ತಲುಪಬೇಕು.

ಇದಕ್ಕೆ ಎರಡು ದಾರಿ. ನಡುವೆ ಒಂದು ಪ್ರೋಗ್ರಾಂ ಕೂತು, ಕೆಲವು ನಿಮಿಷಕ್ಕೊಮ್ಮೆ ‘ಹೊಸದೇನಾದರೂ ಇದೆಯೇ?’ ಎಂದು ಡೇಟಾಬೇಸನ್ನು ಕೇಳುತ್ತಿರಬಹುದು. ಇದು ಪೋಲಿಂಗ್. ಇನ್ನೊಂದು ವೆಬ್‌ಹುಕ್: ಕಾಮೆಂಟು ಬಿದ್ದ ಕ್ಷಣವೇ ಡೇಟಾಬೇಸ್ ತಾನಾಗಿ ಸುದ್ದಿ ಕಳಿಸುತ್ತದೆ. ಏರಿ ಜಿನುಗುವಾಗ ಬೇಕಾದದ್ದು ಎರಡನೆಯದು.

ನಿಜವಾದ ತೊಡಕು ಹೆಸರಿನಲ್ಲಿದೆ. @ ಚಿಹ್ನೆಯನ್ನು ಇಮೇಲ್ ವಿಳಾಸಕ್ಕೆ ತಂದವರು ರೇ ಟಾಮ್ಲಿನ್ಸನ್, 1971ರಲ್ಲಿ. ಇಂದಿನ ಆ್ಯಪ್‌ಗಳಲ್ಲಿ ಅದರ ಮುಂದೆ ನಮಗೆ ಕಾಣುವುದು ಹೆಸರು. ಒಳಗೆ ಇರುವುದು ಐಡಿ. ಡೇಟಾಬೇಸ್‌ನಲ್ಲಿ ಎಂಜಿನಿಯರ್‌ಗೆ ಒಂದು ಐಡಿ, ಚಾಟ್‌ನಲ್ಲಿ ಮತ್ತೊಂದು. ಎರಡೂ ಒಬ್ಬರದೇ ಎಂದು ಯಂತ್ರಕ್ಕೆ ಗೊತ್ತಿಲ್ಲ. ಸ್ಲ್ಯಾಕ್‌ನಂಥ ಚಾಟ್‌ಗೆ ಪ್ರೋಗ್ರಾಂ ಬರೀ ಹೆಸರನ್ನು ಅಕ್ಷರವಾಗಿ ಕಳಿಸಿದರೆ ಸಂದೇಶ ಕಾಣಿಸುತ್ತದೆ, ಅವರ ಫೋನ್ ಮಾತ್ರ ಸುಮ್ಮನಿರುತ್ತದೆ. ಸದ್ದಾಗಬೇಕಾದರೆ ಚಾಟ್‌ನ ಐಡಿಯನ್ನೇ ಕೊಡಬೇಕು. ಆದ್ದರಿಂದ ಸಾಮಾನ್ಯವಾಗಿ ಇಮೇಲ್ ವಿಳಾಸವನ್ನು ಕೊಂಡಿಯಾಗಿಟ್ಟುಕೊಂಡು ಎರಡು ಐಡಿಗಳನ್ನು ಜೋಡಿಸಿದ ಪಟ್ಟಿಯೊಂದನ್ನು ಮಾಡುತ್ತಾರೆ. ಅಧಿಕಾರಿಗೆ ವರ್ಗವಾದರೆ ಈ ಪಟ್ಟಿ ಅಂದೇ ಬದಲಾಗಬೇಕು, ಇಲ್ಲವಾದರೆ ಕೆ.ಆರ್. ಪೇಟೆಯ ಏರಿಯ ಸುದ್ದಿ ಬೇರಾವುದೋ ಜಿಲ್ಲೆಯಲ್ಲಿ ಸದ್ದು ಮಾಡುತ್ತದೆ!

ನೆಟ್‌ವರ್ಕ್ ಕೈಕೊಟ್ಟಾಗ ವೆಬ್‌ಹುಕ್ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಕಳಿಸುವುದುಂಟು. ಕಾಮೆಂಟಿನ ಐಡಿ ನೆನಪಿಟ್ಟುಕೊಂಡರೆ ಎರಡನೆಯದನ್ನು ಬಿಸಾಡಬಹುದು.

ಎಲ್ಲವನ್ನೂ ಎಲ್ಲರ ಗುಂಪಿಗೇ ಸುರಿದುಬಿಡುವುದು ಸುಲಭವಲ್ಲವೇ? ಸುಲಭವೇ, ಆದರೆ ದಿನವಿಡೀ ಡಂಗುರ ಹೊಡೆದರೆ ಯಾರೂ ಕಿವಿಗೊಡುವುದಿಲ್ಲ. ನಾಲ್ಕು ತಾಲ್ಲೂಕಿಗೆ ನಾಲ್ಕು ಚಾನೆಲ್ ಮಾಡಿ, ಹೆಸರು ಬಂದವರನ್ನಷ್ಟೇ ಎಚ್ಚರಿಸುವುದು ವಾಸಿ.

ಗೇಟು ಎತ್ತಿದ ಹೊತ್ತಿನ ಲೆಕ್ಕ ಮಾತ್ರ ಬೇರೆ. ಹೊಳೆದಂಡೆಯ ಜನರು ಯಾವ ತಂಡದ ಚಾಟ್‌ನಲ್ಲೂ ಇಲ್ಲ, ಅವರ ಐಡಿ ಯಾರ ಪಟ್ಟಿಯಲ್ಲೂ ಇಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕಾಗಿ ಸಿ-ಡಾಟ್ ರೂಪಿಸಿದ ‘ಸಚೇತ್’ ವ್ಯವಸ್ಥೆ ಹೆಸರನ್ನು ಹುಡುಕುವುದೇ ಇಲ್ಲ. ನಕ್ಷೆಯಲ್ಲಿ ಗುರುತಿಸಿದ ಪ್ರದೇಶದಲ್ಲಿರುವ ಫೋನ್‌ಗಳಿಗೆ ಎಚ್ಚರಿಕೆ ಕಳಿಸುತ್ತದೆ, ಅದು ಊರವರದ್ದಾದರೂ ಸರಿ, ಶ್ರೀರಂಗಪಟ್ಟಣದ ಸಂಗಮಕ್ಕೆ ಬಂದ ಪ್ರವಾಸಿಯದ್ದಾದರೂ ಸರಿ.