ಪಾತ್ರದ ಹಿಂದಣ ಕಥೆ

ಇಂಗ್ಲಿಷಿನ ದೊಡ್ಡ ದೊಡ್ಡ ಅದ್ಭುತ ಕಥಾಮಾಲೆಗಳನ್ನು ನಮ್ಮ ಮುಂಬಯಿಯ ಹುಡುಗರು ಲೋಕಲ್ ಗಾಡಿಯಲ್ಲಿ ನಿಂತೇ ಓದಿ ಮುಗಿಸುತ್ತಾರೆ. ಅವರ ಕೈಗೆ ಪಂಪನ ‘ಆದಿಪುರಾಣ’ ಕೊಟ್ಟರೆ, ನಾಯಕ ಹುಟ್ಟುವುದಕ್ಕೇ ಇಷ್ಟು ಆಶ್ವಾಸಗಳು ಬೇಕೆ ಎನ್ನುತ್ತಾರೆ. ಹಿರಿಯರೂ ಭವಾವಳಿಯನ್ನು ಹಾರಿಸಿ ಓದುವುದುಂಟು. ಇದರಿಂದ ಕಥೆಯ ತಿರುಳೇ ಕೈತಪ್ಪುತ್ತದೆಂದು ನಮ್ಮ ಎಣಿಕೆ.

ಪಾತ್ರವು ನಮ್ಮ ಕಣ್ಣಿಗೆ ಬೀಳುವ ಮೊದಲು ಅದಕ್ಕೆ ಒದಗಿದ್ದೆಲ್ಲ ಹಿಂದಣ ಕಥೆ. ಅದನ್ನು ಯಾವಾಗ ಹೇಳಬೇಕು ಎಂಬಲ್ಲಿಯೇ ಕಥೆಗಾರನ ಜಾಣ್ಮೆಯಿದೆ. ಹ್ಯಾರಿ ಪಾಟರ್ ಮಾಲೆಯ (1997–2007) 7 ಸಂಪುಟಗಳಲ್ಲಿ ಸ್ನೇಪ್ ಎಂಬ ಸಿಡುಕಿನ ಉಪಾಧ್ಯಾಯನಿದ್ದಾನೆ. ಅವನು ಹ್ಯಾರಿಯ ತಾಯಿಯನ್ನು ಎಳವೆಯಿಂದಲೂ ಪ್ರೀತಿಸಿದ್ದನೆಂಬುದು ಕೊನೆಯ ಸಂಪುಟದಲ್ಲಿ, ಅವನ ಸಾವಿನ ಹೊತ್ತಿಗೆ ತಿಳಿಯುತ್ತದೆ. ಒಡನೆ ಹಿಂದಿನ ಸಂಪುಟಗಳ ಅವನ ನಡತೆಗೆಲ್ಲ ಬೇರೆ ಅರ್ಥ ಬರುತ್ತದೆ. ಕರ್ಣನ ವಿಷಯ ಇದಕ್ಕೆ ತಿರುವುಮುರುವು. ಅವನ ಹುಟ್ಟು ನಮಗೆ ಮೊದಲೇ ಗೊತ್ತು, ಅವನಿಗೆ ತಿಳಿಯುವುದು ಯುದ್ಧದ ಹೊಸ್ತಿಲಲ್ಲಿ. ತಿಳಿದ ಮೇಲೂ ಅವನು ಪಕ್ಷ ಬಿಡುವುದಿಲ್ಲ. ತಾಳಮದ್ದಳೆಯ ರಸಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕ್ರಿ.ಶ. 941ರ ಪಂಪನ ದಾರಿ ಇನ್ನೂ ಬೇರೆ. ಜೈನ ಪುರಾಣದ ಸಂಪ್ರದಾಯದಂತೆ ಅವನು ವೃಷಭನಾಥನ ಹಿಂದಿನ ಭವಗಳನ್ನೆಲ್ಲ ಮೊದಲೇ ಹೇಳಿಬಿಡುತ್ತಾನೆ. ಅದರಲ್ಲಿ ಲಲಿತಾಂಗ ಸ್ವಯಂಪ್ರಭೆಯರು ಸ್ವರ್ಗದ ನಲ್ಲ ನಲ್ಲೆಯರು. ಅವರೇ ಭೂಮಿಯಲ್ಲಿ ವಜ್ರಜಂಘನೂ ಶ್ರೀಮತಿಯೂ ಆಗಿ ಹುಟ್ಟುತ್ತಾರೆ. ಹಿಂದಿನ ಜನ್ಮವು ನೆನಪಾಗಿ ಶ್ರೀಮತಿ ಅದನ್ನು ಚಿತ್ರಪಟದಲ್ಲಿ ಬರೆಯುತ್ತಾಳೆ. ಆ ಪಟವನ್ನು ಕಂಡು ವಜ್ರಜಂಘನು ತನ್ನ ನಲ್ಲೆಯ ಗುರುತು ಹಿಡಿಯುತ್ತಾನೆ. ಮದುವೆಯಾದ ಬಳಿಕ ಇಬ್ಬರೂ ಕೂಡಿ ಚಾರಣ ಮುನಿಗಳಿಗೆ ಆಹಾರವನ್ನು ನೀಡುತ್ತಾರೆ. ಓದುವಾಗ ಇದು ಸಣ್ಣ ಸಂಗತಿ.

ಭವಗಳು ಉರುಳುತ್ತವೆ. ವಜ್ರಜಂಘನ ಜೀವ ವೃಷಭನಾಥನಾಗಿ, ರಾಜ್ಯ ತೊರೆದು, ಉಪವಾಸವಿದ್ದು ಊರೂರು ನಡೆಯುತ್ತದೆ. ಮುನಿಗೆ ಏನು ಕೊಡಬೇಕೆಂದು ಯಾರಿಗೂ ಗೊತ್ತಿಲ್ಲ. ಜನರು ಚಿನ್ನ ತರುತ್ತಾರೆ, ಆನೆ ತರುತ್ತಾರೆ, ಅನ್ನವನ್ನು ಮಾತ್ರ ತರುವುದಿಲ್ಲ. ಹಸ್ತಿನಾಪುರದಲ್ಲಿ ರಾಜಕುಮಾರ ಶ್ರೇಯಾಂಸನು ಅವನನ್ನು ಕಂಡೊಡನೆ, ತಾನು ಹಿಂದೆ ಶ್ರೀಮತಿಯಾಗಿದ್ದುದೂ ಮುನಿಗಳಿಗೆ ಆಹಾರವನ್ನು ನೀಡಿದುದೂ ನೆನಪಿಗೆ ಬರುತ್ತದೆ. ಕಬ್ಬಿನ ಹಾಲನ್ನು ತಂದು ಆ ಕೈಗಳಿಗೆ ಎರೆಯುತ್ತಾನೆ. ಒಮ್ಮೆ ಹೆಂಡತಿಯಾಗಿದ್ದ ಜೀವವೇ ಗಂಡನಾಗಿದ್ದವನ ಹಸಿವನ್ನು ತಿಳಿಯುತ್ತದೆ. ಭವಾವಳಿಯನ್ನು ಹಾರಿಸಿದವರು ಇಲ್ಲಿ ಬರಿಯ ದಾನವನ್ನಷ್ಟೇ ಕಾಣುತ್ತಾರೆ.

ಹೆಸರುಗಳು ಹೆಚ್ಚೆಂಬುದು ನಿಜ. ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಎಂದು ಮೊದಲುಮಾಡಿ ಒಂದು ಚೀಟಿಯಲ್ಲಿ ಸಾಲಾಗಿ ಬರೆದು ಪುಸ್ತಕದೊಳಗೆ ಇಟ್ಟುಕೊಂಡರೆ ಓದು ಸುಗಮವಾಗುತ್ತದೆ.