ಟೆಸ್ಟರ್ ಬೆಳಗುತ್ತದೆ, ಫ್ಯಾನ್ ತಿರುಗುವುದಿಲ್ಲ

ಬಚ್ಚಲುಮನೆಯ ಹಳೆಯ ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ಹೊಸದನ್ನು ಕೂರಿಸಿದ್ದಾಗಿದೆ. ಸ್ವಿಚ್ ಒತ್ತಿದರೆ ಅದು ಅಲುಗಾಡುವುದಿಲ್ಲ. ಟೆಸ್ಟರ್ ಇಟ್ಟರೆ ಕೆಂಪು ತಂತಿಯಲ್ಲೂ ಬೆಳಕು, ಕಪ್ಪು ತಂತಿಯಲ್ಲೂ ಬೆಳಕು. ಎರಡರಲ್ಲೂ ಕರೆಂಟ್ ಇದೆ, ಹಾಗಾದರೆ ಫ್ಯಾನೇ ಕೆಟ್ಟದ್ದು ಎಂದು ತೀರ್ಮಾನಿಸಿ ಅಂಗಡಿಗೆ ಮರಳಿ ಒಯ್ಯುವವರು ಬಹಳ ಮಂದಿ. ಆದರೆ ಆ ಎರಡನೆಯ ಬೆಳಕು ಹೇಳುತ್ತಿರುವುದು ಬೇರೆಯೇ ಸಂಗತಿ: ಫ್ಯಾನ್ ಬಹುಮಟ್ಟಿಗೆ ಸರಿಯಾಗಿದೆ, ಕರೆಂಟ್ ಹಿಂತಿರುಗುವ ದಾರಿ ಕಡಿದಿದೆ. ಬದಲಿಸಿದ ಫ್ಯಾನಿನ ವೈರಿಂಗ್ ಕೈಕೊಟ್ಟಾಗ ಎಲ್ಲರೂ ಹುಡುಕುವುದು ಫೇಸ್ ಅನ್ನು. ಹುಡುಕಬೇಕಾದದ್ದು ನ್ಯೂಟ್ರಲ್ ಅನ್ನು. ಈ ಅಧ್ಯಾಯದ ವಾದ ಇಷ್ಟೇ.

ಮೂಲ ಸಂಗತಿಗಳನ್ನು ಬೇಗ ಮುಗಿಸೋಣ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಜ್‌ನ ಪರ್ಯಾಯ ವಿದ್ಯುತ್. ಫೇಸ್ ತಂತಿ ಸ್ವಿಚ್ ಮೂಲಕ ಫ್ಯಾನಿಗೆ ಬರುತ್ತದೆ, ನ್ಯೂಟ್ರಲ್ ತಂತಿ ಕರೆಂಟನ್ನು ಹಿಂದಕ್ಕೆ ಒಯ್ಯುತ್ತದೆ, ಅರ್ತ್ ತಂತಿ ಏನಾದರೂ ಕೆಟ್ಟಾಗ ಮಾತ್ರ ಕೆಲಸಕ್ಕೆ ಬರುತ್ತದೆ. ನ್ಯೂಟ್ರಲ್ ಅನ್ನು ವಿತರಣಾ ಜಾಲದಲ್ಲೇ ಭೂಮಿಗೆ ಜೋಡಿಸಿರುವುದರಿಂದ ಅದರ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ. ಸುಮಾರು 30 ವ್ಯಾಟ್‌ನ ಫ್ಯಾನ್ ಓಡುವಾಗ ಈ ವರ್ತುಲದಲ್ಲಿ ಹರಿಯುವುದು 0.13 ಆಂಪಿಯರ್, ಅಂದರೆ 130 ಮಿಲಿಆಂಪಿಯರ್. ಈ ಒಂದು ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಟೆಸ್ಟರ್‌ನ ಒಳಗೆ ಹೋಗೋಣ. ಅಗ್ಗದ ಆ ಉಪಕರಣದಲ್ಲಿ ಸೊಗಸಾದ ಭೌತಶಾಸ್ತ್ರ ಅಡಗಿದೆ. ಹಿಡಿಯೊಳಗೆ ಪುಟ್ಟ ನಿಯಾನ್ ದೀಪ, ಅದರ ಜೊತೆಗೆ ಸುಮಾರು 10 ಲಕ್ಷ ಓಮ್‌ನ ಒಂದು ರೋಧಕ. ರ‍್ಯಾಮ್ಸೆ ಮತ್ತು ಟ್ರಾವರ್ಸ್ 1898ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದ ಅನಿಲವೇ ಈ ನಿಯಾನ್. ದೀಪದ ಎರಡು ಧ್ರುವಗಳ ನಡುವೆ ಅರುವತ್ತು ಎಪ್ಪತ್ತು ವೋಲ್ಟ್ ದಾಟಿದರೆ ಅನಿಲ ಅಯಾನುಗಳಾಗಿ ಒಡೆದು ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಫೇಸ್ ಮುಟ್ಟಿ ಹಿಂಬದಿಯ ಲೋಹದ ಮೇಲೆ ಬೆರಳಿಟ್ಟಾಗ ನಮ್ಮ ಮೈ ಮೂಲಕ ನೆಲಕ್ಕೆ ಹರಿಯುವುದು ಒಂದು ಮಿಲಿಆಂಪಿಯರಿನ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ. ನಮಗೆ ಅದು ತಿಳಿಯುವುದೂ ಇಲ್ಲ, ದೀಪಕ್ಕೆ ಅಷ್ಟು ಸಾಕು. ಫ್ಯಾನಿಗೆ ಬೇಕಾದದ್ದು ಇದರ ನೂರಾರು ಪಟ್ಟು. ಆದ್ದರಿಂದ ಟೆಸ್ಟರ್ ಉತ್ತರಿಸುವ ಪ್ರಶ್ನೆ ಒಂದೇ: ಈ ತುದಿಗೂ ನೆಲಕ್ಕೂ ನಡುವೆ ವೋಲ್ಟೇಜ್ ಇದೆಯೇ? ಕರೆಂಟ್ ಹರಿದು ಹಿಂತಿರುಗಲು ದಾರಿ ಇದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ನ್ಯೂಟ್ರಲ್ ಎಲ್ಲೋ ಕಡಿದಿದೆ, ಸ್ವಿಚ್ ಹಾಕಿದೆ ಎಂದುಕೊಳ್ಳಿ. ಫೇಸ್ ಫ್ಯಾನಿನ ಸುರುಳಿಯನ್ನು ಹಾದು ಕಪ್ಪು ತಂತಿಗೂ ಬರುತ್ತದೆ, ಮುಂದೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಸುರುಳಿಯ ತಡೆ ಒಂದೆರಡು ಸಾವಿರ ಓಮ್ ಎಂದೇ ಇಟ್ಟುಕೊಂಡರೂ ಟೆಸ್ಟರ್‌ನ 10 ಲಕ್ಷದ ಎದುರು ಅದು ಲೆಕ್ಕಕ್ಕಿಲ್ಲ. ಅರ್ಧ ವೋಲ್ಟನ್ನೂ ಕಳೆದುಕೊಳ್ಳದೆ ಫೇಸ್ ಆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ನರು 'ರಿಟರ್ನ್ ಬರ್ತಿದೆ' ಎನ್ನುವುದು ಇದನ್ನೇ. ಹಾಗಾಗಿ ಎರಡೂ ಕಡೆ ಬೆಳಕು ಬಂದರೆ ಸುರುಳಿ ಕಡಿದಿಲ್ಲ ಎಂಬುದಕ್ಕೂ ಬಹುಮಟ್ಟಿಗೆ ಅದೇ ಸಾಕ್ಷಿ. ಪರೀಕ್ಷೆ ಸರಳ. ಮೇನ್ ಆರಿಸಿ ಫ್ಯಾನಿನ ಎರಡೂ ತಂತಿ ಬಿಡಿಸಿ, ತುದಿಗಳನ್ನು ದೂರ ಇರಿಸಿ, ಮತ್ತೆ ಮೇನ್ ಹಾಕಿ ನೋಡಿದರೆ ಕಪ್ಪು ತಂತಿಯ ಬೆಳಕು ಮಾಯವಾಗಿರುತ್ತದೆ. ಮಾಯವಾಗದಿದ್ದರೆ, ಅದೇ ನ್ಯೂಟ್ರಲ್ ಹಂಚಿಕೊಂಡ ಬೇರೊಂದು ದೀಪವೋ ಗೀಸರೋ ಆನ್ ಆಗಿದ್ದು, ಅದರ ಮೂಲಕ ಫೇಸ್ ಬರುತ್ತಿರಬಹುದು. ಆಗ ಅವೂ ಕೆಲಸ ಮಾಡುತ್ತಿರುವುದಿಲ್ಲ, ಕಡಿತ ಇನ್ನೂ ಹಿಂದೆ ಇದೆ. ಫ್ಯಾನ್ ಒಂದೇ ನಿಂತಿದ್ದರೆ ಕಡಿತ ಹತ್ತಿರದಲ್ಲೇ ಇರುತ್ತದೆ: ಕನೆಕ್ಟರಿನ ತಿರುಪು ತಾಮ್ರದ ಬದಲು ಪಿವಿಸಿ ಹೊದಿಕೆಯನ್ನು ಒತ್ತಿ ಹಿಡಿದಿರಬಹುದು, ಇಲ್ಲವೇ ಹಳೆಯದನ್ನು ಎಳೆಯುವಾಗ ಪೆಟ್ಟಿಗೆಯೊಳಗಿನ ಹೆಣೆದ ಜಂಟಿ ಸಡಿಲಾಗಿರಬಹುದು.

ದಶಕಗಳಿಂದ ಎಲ್ಲರೂ ಟೆಸ್ಟರ್ ನಂಬಿಯೇ ಕೆಲಸ ಮಾಡಿದ್ದಾರಲ್ಲ ಎಂಬ ಆಕ್ಷೇಪ ಬರುತ್ತದೆ. ಫೇಸ್ ಹುಡುಕಲು ಅದು ಉಪಯುಕ್ತ, ನಿಜ. ಆದರೆ ಬೆಳಗದ ಟೆಸ್ಟರ್ ಕೂಡ ಖಾತರಿಯಲ್ಲ. ಒಣ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತವರ ಕೈಯಲ್ಲಿ ಅದು ಮಂಕಾಗಿ, ಹಗಲಿನಲ್ಲಿ ಕಾಣಿಸದೇ ಹೋಗಬಹುದು. ಡಿಜಿಟಲ್ ಮೀಟರ್ ಇದ್ದರೆ ಆಯಿತಲ್ಲ ಎನ್ನುವವರಿಗೂ ಎಚ್ಚರಿಕೆ ಬೇಕು. ಅದರ ಒಳತಡೆ ಸಾಮಾನ್ಯವಾಗಿ 1 ಕೋಟಿ ಓಮ್, ಆದ್ದರಿಂದ ಫೇಸ್ ತಂತಿಯ ಪಕ್ಕದಲ್ಲಿ ಒಂದೇ ಪೈಪಿನೊಳಗೆ ಹಾಯ್ದ ಸತ್ತ ತಂತಿಯಲ್ಲೂ ಅದು ಹತ್ತಾರು ವೋಲ್ಟ್ ತೋರಿಸಬಲ್ಲದು. ಈ ಹುಸಿ ವೋಲ್ಟೇಜನ್ನು ಬಯಲು ಮಾಡುವುದು ಹಳೆಯ ಟೆಸ್ಟ್ ಲ್ಯಾಂಪ್. ಫೇಸ್–ನ್ಯೂಟ್ರಲ್ ನಡುವೆ ತಂತು ಬಲ್ಬು ಪೂರ್ಣ ಬೆಳಗಿದರೆ ಮಾತ್ರ ದಾರಿ ಎರಡೂ ಕಡೆ ತೆರೆದಿದೆ ಎಂದರ್ಥ, ಏಕೆಂದರೆ ಬಲ್ಬು ನಿಜವಾದ ಕರೆಂಟ್ ಕೇಳುತ್ತದೆ.

ಇನ್ನೊಂದು ಆಕ್ಷೇಪ ಇನ್ನೂ ಬಲವಾದದ್ದು: ಹಳೆಯ ಫ್ಯಾನ್ ಓಡುತ್ತಿತ್ತು, ಹೊಸದು ಹಾಕಿದೊಡನೆ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಬೀಳುತ್ತಿದೆ, ಇದು ಫ್ಯಾನಿನ ದೋಷವಲ್ಲದೆ ಮತ್ತೇನು? ಮೋಟಾರಿನಲ್ಲಿ ಸೋರಿಕೆ ಇದ್ದರೆ ಹೀಗಾಗುವುದುಂಟು. ಆದರೆ ಮೊದಲು ನ್ಯೂಟ್ರಲ್ ಎಲ್ಲಿಂದ ಬಂತೆಂದು ನೋಡಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡು ಸರ್ಕ್ಯೂಟಿನ ಕಪ್ಪು ತಂತಿಗಳಿರುತ್ತವೆ, ಮರುಜೋಡಣೆಯಲ್ಲಿ ಪಕ್ಕದ ಸರ್ಕ್ಯೂಟಿನದು ಕೈಗೆ ಸಿಗುತ್ತದೆ. ಮನೆಗಳಲ್ಲಿ ಜೀವರಕ್ಷಣೆಗೆ ಬಳಸುವ ಆರ್‌ಸಿಸಿಬಿ ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸವಾಗುವಷ್ಟರಲ್ಲಿ ಕಡಿದುಬಿಡುತ್ತದೆ. ಆ ಇನ್ನೊಂದು ನ್ಯೂಟ್ರಲ್ ಈ ಆರ್‌ಸಿಸಿಬಿಯನ್ನು ಹಾದು ಬರದಿದ್ದರೆ, ನಮ್ಮ ಫ್ಯಾನಿನ 130 ಮಿಲಿಆಂಪಿಯರ್ ಪೂರ್ತಿಯೂ ಅದರ ಕಣ್ಣಿಗೆ ಸೋರಿಕೆಯೇ. ಹಾಗೆ ಬಿದ್ದಾಗ ಆರ್‌ಸಿಸಿಬಿಯನ್ನೇ ತೆಗೆದುಹಾಕಿಸುವುದು ಮಾಡಲೇಬಾರದ ಕೆಲಸ. ನ್ಯೂಟ್ರಲ್ ಸಿಗದೆ ಹಸಿರು ಅರ್ತ್ ತಂತಿಗೆ ಫ್ಯಾನ್ ಕಟ್ಟುವುದು ಅದಕ್ಕಿಂತ ಅಪಾಯ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಫ್ಯಾನ್ ನಿರಾಯಾಸ ಓಡುತ್ತದೆ. ಮುಂದೊಂದು ದಿನ ಆ ಅರ್ತ್ ಕಡಿದರೆ, ಫ್ಯಾನ್ ಹಾದು ಬಂದ ಫೇಸ್ ಅದೇ ಅರ್ತ್‌ಗೆ ಜೋಡಿಸಿದ ಗೀಸರಿನ ಲೋಹದ ಮೈಗೆ ಏರುತ್ತದೆ.

ಉಳಿದ ಮೂರು ತೊಡಕುಗಳಿಗೆ ಹೆಚ್ಚು ಮಾತು ಬೇಡ. ಸ್ವಿಚ್ ಆರಿಸಿದ ಮೇಲೂ ಫ್ಯಾನಿನ ಎರಡೂ ತುದಿ ಬೆಳಗಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿ ಕೂತಿರುವ ಸಂಭವವೇ ಹೆಚ್ಚು. ಫ್ಯಾನ್ ನಿಂತಿದೆ, ಕೊಲ್ಲುವ ಶಕ್ತಿ ನಿಂತಿಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳೇ ನ್ಯೂಟ್ರಲ್‌ನಲ್ಲಿ ಒಂಟಿ ಸ್ವಿಚ್ ಕೂರಿಸುವುದನ್ನು ತಡೆದಿದ್ದವು. ಎರಡನೆಯದು ಬಣ್ಣ. ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಆದರೆ ಕಂದು–ನೀಲಿ ತಂತಿಗಳೊಂದಿಗೆ ಬರುವ ಫ್ಯಾನಿನಲ್ಲಿ ನೀಲಿಯೇ ನ್ಯೂಟ್ರಲ್. ಮೂರು ಫೇಸ್ ಇರುವ ಮನೆಯಲ್ಲಿ ನೀಲಿಗೆ ನೀಲಿ, ಕೆಂಪಿಗೆ ಕಂದು ಎಂದು ಜೋಡಿಸಿದರೆ ಫ್ಯಾನಿಗೆ ಸುಮಾರು 400 ವೋಲ್ಟ್ ಬೀಳುತ್ತದೆ, ಅದು ಸುಟ್ಟುಹೋಗುತ್ತದೆ. ಮೂರನೆಯದು ಟೈಮರ್ ಇರುವ ಫ್ಯಾನ್. ದೀಪ ಆರಿಸಿದ ಮೇಲೂ ಕೆಲವು ನಿಮಿಷ ಓಡಬೇಕಾದರೆ ಅದಕ್ಕೆ ಸದಾ ಇರುವ ಫೇಸ್, ಸ್ವಿಚ್ಚಿನಿಂದ ಬರುವ ಫೇಸ್, ನ್ಯೂಟ್ರಲ್ ಹೀಗೆ ಮೂರು ತಂತಿ ಬೇಕು. ಹಳೆಯ ಎರಡು ತಂತಿಯಲ್ಲಿ ಫ್ಯಾನ್ ಓಡೀತು, ಟೈಮರ್ ಕೆಲಸ ಮಾಡದು.

ಇದೆಲ್ಲ ಎಲೆಕ್ಟ್ರಿಷಿಯನ್ ತಿಳಿದರೆ ಸಾಲದೇ? ಕೈ ಹಾಕುವ ಕೆಲಸ ಪರವಾನಗಿ ಉಳ್ಳವರದ್ದೇ, ಅದರಲ್ಲೂ ಒದ್ದೆಯಾದ ಬಚ್ಚಲುಮನೆಯಲ್ಲಿ. ಆದರೆ 'ನ್ಯೂಟ್ರಲ್ ಎಲ್ಲಿಂದ ತಂದಿರಿ, ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದಿರಾ' ಎಂದು ಕೇಳಬಲ್ಲ ಮನೆಯವರಿದ್ದಲ್ಲಿ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತದೆ. ಆ ಪ್ರಶ್ನೆಗಳ ಬೇರು ಇರುವುದು 1845ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಕಿರ್ಖಾಫ್ ಹೇಳಿದ ನಿಯಮದಲ್ಲಿ: ಒಂದು ಕೂಡುಬಿಂದುವಿಗೆ ಬಂದಷ್ಟೇ ಕರೆಂಟ್ ಅಲ್ಲಿಂದ ಹೊರಗೂ ಹೋಗಬೇಕು. ಇಲ್ಲಿ ಹೇಳಿದ ನ್ಯೂಟ್ರಲ್ ದೋಷಗಳೆಲ್ಲ ಆ ಒಂದು ವಾಕ್ಯದ ವಿಸ್ತಾರ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನೆಯ ವಿದ್ಯುತ್ ಮಂಡಲದ ಚಿತ್ರವಿದೆ. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದವರು ಈಗೊಮ್ಮೆ ತೆರೆದು, ಪ್ರತಿ ದೀಪದಿಂದ ಕರೆಂಟ್ ಯಾವ ದಾರಿಯಲ್ಲಿ ಮರಳುತ್ತದೆ ಎಂದು ಬೆರಳಿನಿಂದ ಹಿಂಬಾಲಿಸಿ ನೋಡಲಿ. ಆಮೇಲೆ ನಿಮ್ಮ ಮನೆಯದೇ ಚಿತ್ರ ಬರೆಯಿರಿ, ಯಾವ ಎಂಸಿಬಿ ಯಾವ ಕೋಣೆಗೆ ಎಂದು ಗುರುತಿಸಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು, ಅರ್ಥವಾಗದ ಗೆರೆಗಳನ್ನು ನಿಮ್ಮ ಎಲೆಕ್ಟ್ರಿಷಿಯನ್ ಬಂದಾಗ ಕೇಳಿ ಪೂರ್ತಿಮಾಡಿ.